ಮಾಫಿ ಸಾಕ್ಷಿಯ ಮಗ

ಶಾಲೆಯ ಹಾಜರಿ ಪುಸ್ತಕದಲ್ಲಿ ನನಗೊಂದು ಹೆಸರಿತ್ತು. ಊರಿನ ಬಾಯಲ್ಲಿ ಇನ್ನೊಂದು ಹೆಸರಿತ್ತು. 'ಮಾಫಿ ಸಾಕ್ಷಿ ಮಗ' ಅಂತ. ಏಳನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ ಆ ಹೆಸರಿನಲ್ಲೇ ಕರೆಸಿಕೊಂಡೆ. ಊರಿನವರು ಹಾಗೆ ಕರೆದಾಗ ಅದರಲ್ಲಿ ಹಗೆ ಇತ್ತು. ಕೇರಿಯವರು ಕರೆದಾಗ ಅದರಲ್ಲಿ ಇನ್ನೇನೋ ಇತ್ತು. ಜಾತಿ ಹಿಡಿದು ಬೈದರೆ ತಿರುಗಿಸಿ ಬೈಯೋದು ನನಗೆ ಗೊತ್ತಿತ್ತು. ಇದಕ್ಕೆ ಏನು ಅನ್ನಬೇಕು ಅಂತ ಗೊತ್ತಿರಲಿಲ್ಲ.

ಈಗ ನನಗೆ ಅರವತ್ತು ದಾಟಿದೆ. 37 ವರ್ಷ ಕೋರ್ಟಿನ ನಕಲು ಶಾಖೆಯಲ್ಲಿ ಕೂತು ಬೇರೆಯವರ ತೀರ್ಪುಗಳನ್ನು ನಕಲು ಮಾಡಿ, ಮೊಹರು ಒತ್ತಿ, ಕೊಟ್ಟು 2025ರಲ್ಲಿ ರಿಟೈರಾದೆ. ಆ ಕಾಗದಗಳಲ್ಲಿ 'ಅಪ್ರೂವರ್' ಅನ್ನೋ ಪದ ಬಂದಾಗಲೆಲ್ಲ ನನ್ನ ಕೈ ನಿಂತುಬಿಡುತ್ತಿತ್ತು. ಯಾವನೋ ಒಬ್ಬ ಕಟಕಟೆಯಲ್ಲಿ ನಿಂತು, 'ಹೌದು, ನಾನೂ ಮಾಡಿದೆ, ಇವರೂ ಮಾಡಿದರು' ಅಂತ ಹೇಳಿ, ತಾನು ಉಳಿದು ಮಿಕ್ಕವರನ್ನು ಸಿಕ್ಕಿಸಿದ ಅಂತ ಲೋಕ ಆ ಪದವನ್ನು ಓದುತ್ತೆ. ನಾನು ಹಾಗೆ ಓದಲಾರೆ. ಆ ಪದಕ್ಕೆ ನಮ್ಮಪ್ಪನ ಮುಖ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸತ್ತವನು ನಮಗೆ ವರಸೆಯಲ್ಲಿ ದೊಡ್ಡಪ್ಪ. ಗೌಡನ ಮೂರು ಎಕರೆ ಹೊಲವನ್ನು ಅವನಪ್ಪನ ಕಾಲದಿಂದ ವಾರಕ್ಕೆ ಉಳುತ್ತಿದ್ದ. ದೇವರಾಜ ಅರಸು ಅವರ ಸರ್ಕಾರ 1974ರಲ್ಲಿ ಭೂಸುಧಾರಣೆ ಕಾನೂನಿಗೆ ತಿದ್ದುಪಡಿ ತಂದಾಗ, ಉಳುವವನೇ ಒಡೆಯ ಅನ್ನೋ ಮಾತು ನಮ್ಮ ಕೇರಿಗೂ ಬಂತು. ದೊಡ್ಡಪ್ಪ ತಾಲ್ಲೂಕು ಕಚೇರಿಗೆ ಹೋಗಿ ಏಳನೇ ನಂಬರ್ ಫಾರಂ ಹಾಕಿ ಬಂದ. ಕೇರಿಯಲ್ಲಿ ಫಾರಂ ಹಾಕಿದ ಮೊದಲನೆಯವನು ಅವನೇ. ಗೌಡ ಕರೆಸಿ, 'ವಾಪಸ್ ತಗೋ' ಅಂದ. ದೊಡ್ಡಪ್ಪ, 'ಸರ್ಕಾರ ಕೊಡ್ತದೆ ಬುದ್ಧಿ, ನೀವ್ಯಾಕೆ ಬ್ಯಾಸರ ಮಾಡ್ಕತೀರಿ' ಅಂದನಂತೆ. ಆ ಒಂದು ಮಾತು ಸಾಕಾಯಿತು.

ನಮ್ಮಪ್ಪ ಅದೇ ಗೌಡನ ಮನೆಯಲ್ಲಿ ಜೀತಕ್ಕಿದ್ದ. ಮದುವೆಗೆ ಅಂತ ತಂದ ನಾನೂರು ರೂಪಾಯಿಗೆ. ಜೀತವನ್ನು ರದ್ದು ಮಾಡಿ ಕೇಂದ್ರ ಸರ್ಕಾರ 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿತ್ತು. 1976ರಲ್ಲಿ ಅದು ಕಾನೂನಾಯಿತು. ಅಂದರೆ ಕಾಗದದ ಮೇಲೆ ನಮ್ಮಪ್ಪ ಎರಡು ವರ್ಷದ ಹಿಂದೆಯೇ ಬಿಡುಗಡೆಯಾಗಿದ್ದ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

1977ರ ಕಾರ್ತೀಕದ ಒಂದು ರಾತ್ರಿ ಕೊಟ್ಟಿಗೆಯಲ್ಲಿ ಮಲಗಿದ್ದ ಅಪ್ಪನನ್ನು ಗೌಡನ ಭಾಮೈದ ಬಂದು ಒದ್ದು ಎಬ್ಬಿಸಿದ. 'ಹಗ್ಗ ತಗಂಡು ಬಾರ್ಲಾ.' ಎತ್ತು ಹಳ್ಳಕ್ಕೆ ಬಿದ್ದಿರಬೇಕು ಅಂದುಕೊಂಡು ಅಪ್ಪ ಹಗ್ಗ ತಗೊಂಡು ಹೋದ. ಪಂಪ್‌ಸೆಟ್ ಮನೆಯೊಳಗೆ ದೊಡ್ಡಪ್ಪ ಬಿದ್ದಿದ್ದ. ಗೌಡ ಲಾಟೀನು ಹಿಡಿದು ನಿಂತಿದ್ದ. ಇನ್ನೊಬ್ಬ ಜೀತದಾಳೂ ಇದ್ದ. 'ಕಾಲು ಹಿಡಿ' ಅಂದರು. ಅಪ್ಪ ಕಾಲು ಹಿಡಿದ. ಅವನು ರಟ್ಟೆ ಹಿಡಿದ. ಹೊಲದಾಚೆಯ ಹಾಳುಬಾವಿಗೆ ಹೊತ್ತುಕೊಂಡು ಹೋಗಿ, ಕಲ್ಲು ಕಟ್ಟಿ ಹಾಕಿದರು. ಬೆಳಿಗ್ಗೆ ಅಪ್ಪ ಎಂದಿನಂತೆ ಸಗಣಿ ಬಾಚಿದ.

ಹತ್ತೊಂಬತ್ತು ದಿನ. ದೊಡ್ಡವ್ವ ಊರೂರು ಅಲೆದಳು. ನಮ್ಮ ಹಟ್ಟಿ ಬಾಗಿಲಿಗೂ ಬಂದು, 'ಏನಾದ್ರೂ ಕಂಡ್ಯಾ ಮೈದ' ಅಂತ ಅಪ್ಪನನ್ನು ಕೇಳಿದಳು. ಅಪ್ಪ ಇಲ್ಲ ಅಂದ. ನಾನು ಅಲ್ಲೇ ಇದ್ದೆ, ಹನ್ನೆರಡು ವರ್ಷದವನು. ಅವನು ಇಲ್ಲ ಅಂದದ್ದನ್ನು ಈ ಕಿವಿಯಿಂದ ಕೇಳಿದ್ದೇನೆ. ಇದನ್ನು ಮುಚ್ಚಿಟ್ಟು ಅಪ್ಪನ ಕತೆ ಹೇಳೋದಾದರೆ ನಾನು ಬರೆಯಬೇಕಾಗಿಲ್ಲ.

ಇಪ್ಪತ್ತನೇ ದಿನ ಬಾವಿಯಿಂದ ವಾಸನೆ ಬಂತು. ಪೊಲೀಸರು ಬಂದರು. ಗೌಡ, ಅವನ ಭಾಮೈದ, ಇಬ್ಬರು ಜೀತದಾಳುಗಳು, ನಾಲ್ಕು ಜನರನ್ನೂ ಹಿಡಿದುಕೊಂಡು ಹೋದರು. ನೋಡಿದವರು ಯಾರೂ ಇಲ್ಲ. ದೇಹ ಕೊಳೆತು ಹೋಗಿ, ಹೇಗೆ ಸತ್ತ ಅಂತ ಹೇಳೋಕಾಗಲ್ಲ ಅಂತ ಡಾಕ್ಟರು ಬರೆದರು. ಆಗ ಪೊಲೀಸರಿಗೆ ಒಂದು ಬಾಯಿ ಬೇಕಾಯಿತು. ಗೌಡನ ಬಾಯಿ ತೆರೆಸೋದಕ್ಕೆ ಅವರಿಂದ ಆಗಲ್ಲ. ಜೀತದಾಳಿನ ಬಾಯಿ ತೆರೆಸಬಹುದು. ಅಪ್ಪನನ್ನು ಕೂರಿಸಿಕೊಂಡು ಹೇಳಿದರಂತೆ: 'ನೋಡಯ್ಯಾ, ಸುಮ್ಮನಿದ್ದರೆ ಅವರ ಜೊತೆ ನಿನಗೂ ನೇಣು. ಇದ್ದದ್ದು ಇದ್ದಂಗೆ ಹೇಳಿಬಿಟ್ಟರೆ ಸರ್ಕಾರ ಮಾಫಿ ಕೊಡುತ್ತೆ.'

ಅಪ್ಪನಿಗೆ ಆ ಮಾತೇ ಅರ್ಥವಾಗಲಿಲ್ಲ. ನಮ್ಮ ಕಡೆ ಮಾಫಿ ಅಂದರೆ ಬರಗಾಲದಲ್ಲಿ ಕಂದಾಯ ಬಿಡೋದು. ಅದೂ ಭೂಮಿ ಇದ್ದವರಿಗೆ. ನಮಗೆ ಯಾವತ್ತೂ ಏನೂ ಮಾಫಿಯಾದದ್ದಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತಿದ.

ಆ ಕಾನೂನು ಏನು ಅಂತ ನಾನು ತಿಳಿದುಕೊಂಡದ್ದು ಬಹಳ ತಡವಾಗಿ, ನೌಕರಿಗೆ ಸೇರಿದ ಮೇಲೆ. 1973ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ 306ನೇ ಕಲಂ. ಸೆಷನ್ಸ್ ಕೋರ್ಟೇ ವಿಚಾರಿಸಬೇಕಾದಂಥ ದೊಡ್ಡ ಅಪರಾಧ, ಇಲ್ಲವೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧ ನಡೆದಿದ್ದು, ಬೇರೆ ಪುರಾವೆ ಸಾಲದೆ ಬಂದಾಗ, ಅದರಲ್ಲಿ ಭಾಗಿಯಾದವನಿಗೇ ಮ್ಯಾಜಿಸ್ಟ್ರೇಟರು ಮಾಫಿ ಕೊಡಬಹುದು. ಷರತ್ತು ಒಂದೇ. ತನಗೆ ಗೊತ್ತಿರೋದನ್ನೆಲ್ಲ ಪೂರ್ತಿಯಾಗಿ, ನಿಜವಾಗಿ ಹೇಳಬೇಕು. ತನ್ನ ಪಾಲನ್ನೂ ಹೇಳಬೇಕು, ಮಿಕ್ಕವರ ಪಾಲನ್ನೂ ಹೇಳಬೇಕು. ಏನನ್ನಾದರೂ ಮುಚ್ಚಿಟ್ಟರೆ, ಸುಳ್ಳು ಹೇಳಿದರೆ, 308ನೇ ಕಲಮಿನ ಪ್ರಕಾರ ಮಾಫಿ ಮುರಿದುಬೀಳುತ್ತೆ. ಆ ಅಪರಾಧಕ್ಕೇ ಅವನನ್ನು ಮತ್ತೆ ವಿಚಾರಣೆಗೆ ಎಳೆಯಬಹುದು. ಈಗ ಆ ಕೋಡ್ ಹೋಯಿತು. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದಿದೆ. ಅದರಲ್ಲಿ ಇದೇ ಮಾತು 343ರಿಂದ 345ನೇ ಕಲಂವರೆಗೆ ಇದೆ. ನಂಬರು ಬದಲಾಯಿತು, ಹುರುಳು ಹಾಗೇ ಇದೆ.

ಆ ಕಲಮಿನಲ್ಲಿ ಇನ್ನೊಂದು ಮಾತಿದೆ. ವಕೀಲರಲ್ಲದವರಿಗೆ ಗೊತ್ತಿರೋದು ಕಮ್ಮಿ. ಮಾಫಿ ಒಪ್ಪಿಕೊಂಡವನು ಅಷ್ಟೊತ್ತಿಗೆ ಜಾಮೀನಿನ ಮೇಲೆ ಹೊರಗಿರದಿದ್ದರೆ, ವಿಚಾರಣೆ ಮುಗಿಯುವ ತನಕ ಅವನನ್ನು ಜೈಲಿನಲ್ಲೇ ಇಡಬೇಕು. ಅಂದರೆ ಕೊಂದವನಿಗೆ ಜಾಮೀನು ಸಿಗಬಹುದು, ಮಾಫಿಯಾದವನಿಗೆ ಸಿಗಲ್ಲ.

ಹಾಗೇ ಆಯಿತು. ಗೌಡ ಬೆಂಗಳೂರಿನಿಂದ ವಕೀಲರನ್ನು ಹಿಡಿದು ನಾಲ್ಕೇ ತಿಂಗಳಲ್ಲಿ ಹೈಕೋರ್ಟಿನಿಂದ ಜಾಮೀನು ತಂದ. ಭಾಮೈದನೂ ಬಂದ. ಬಾಯಿ ಬಿಡದ ಇನ್ನೊಬ್ಬ ಜೀತದಾಳನ್ನೂ ಗೌಡನೇ ದುಡ್ಡು ಕಟ್ಟಿ ಬಿಡಿಸಿಕೊಂಡು ಬಂದ. ಗಾಡಿಯಲ್ಲಿ ಬಂದು ಇಳಿದು, ಊರ ಬಾಗಿಲಲ್ಲಿ ತೆಂಗಿನಕಾಯಿ ಒಡೆಸಿದರು. ಬಾಯಿ ಮುಚ್ಚಿಕೊಂಡವನಿಗೆ ಜಾಮೀನು, ಬಾಯಿ ಬಿಟ್ಟವನಿಗೆ ಜೈಲು. ನಮ್ಮಪ್ಪ, ಸರ್ಕಾರ ಮಾಫಿ ಮಾಡಿದ ನಮ್ಮಪ್ಪ, ಎರಡು ವರ್ಷ ಹತ್ತು ತಿಂಗಳು ಒಳಗೇ ಇದ್ದ. ಇಂಥವರನ್ನು ಬಿಡಬಹುದು ಅಂತ ಆಮೇಲಾಮೇಲೆ ಕೆಲವು ಹೈಕೋರ್ಟುಗಳು ಹೇಳಿವೆ. ಆದರೆ ಹೈಕೋರ್ಟಿನ ಬಾಗಿಲು ಎಲ್ಲಿದೆ ಅಂತ ನಮ್ಮವ್ವನಿಗೆ ಗೊತ್ತಿತ್ತಾ? ಅವಳಿಗೆ ಸಬ್‌ಜೈಲಿನ ಬಾಗಿಲು ಗೊತ್ತಿತ್ತು ಅಷ್ಟೆ. ತಿಂಗಳಿಗೊಂದು ಸಲ ರಾಗಿರೊಟ್ಟಿ, ಹುಚ್ಚೆಳ್ಳು ಪುಡಿ ಕಟ್ಟಿಕೊಂಡು, ನನ್ನನ್ನೂ ಎಳಕೊಂಡು ಹನ್ನೊಂದು ಮೈಲಿ ನಡೆಯುತ್ತಿದ್ದಳು. ಗೌಡನ ಹೊಲದಲ್ಲಿ ಕೂಲಿ ನಿಂತಿತು. ಗೌಡನಿಗೆ ಹೆದರಿ ಮಿಕ್ಕವರೂ ಕರೆಯಲಿಲ್ಲ. ನನ್ನ ತಂಗಿ ಆ ವರ್ಷಗಳಲ್ಲೇ ಹೋದಳು. ಜ್ವರ ಅಂದರು. ಹಸಿವು ಅಂತ ಯಾವ ರಿಜಿಸ್ಟರಿನಲ್ಲೂ ಬರೆಯಲ್ಲ.

ಗೌಡನ ಕಡೆಯವರು ಜೈಲಿಗೇ ಹೇಳಿಕಳಿಸಿದರು. 'ಕೋರ್ಟಿನಲ್ಲಿ ತಿರುಗಿ ಹೇಳು. ಎರಡು ಎಕರೆ ನಿನ್ನ ಹೆಸರಿಗೆ.' ತಿರುಗಿ ಹೇಳಿದರೆ 308. ಹೇಳದಿದ್ದರೆ ಊರು. ಇದು ಅವ್ವನಿಗೆ ಗೊತ್ತಾದ ರಾತ್ರಿ ಅವಳು ಒಲೆ ಮುಂದೆ ಕೂತು, 'ದಿಟವಾ ಯೋಳಿದ್ರೂ ಸಾಯ್ತೀವಿ, ಯೋಳ್ದಿದ್ರೂ ಸಾಯ್ತೀವಿ. ಯೋಳೇ ಸಾಯನ ಬುಡು' ಅಂದಳು.

ನಾನು ಪಿಯುಸಿ ಓದೋ ಕಾಲಕ್ಕೆ ನಮ್ಮ ಹಾಸ್ಟೆಲಿಗೆ ಹೊಸ ಗಾಳಿ ಬಂದಿತ್ತು. ಚರ್ಚೆ, ಹಾಡು, ಕರಪತ್ರ. ಭಗತ್‌ಸಿಂಗ್‌ನ ಬಗ್ಗೆ ಒಬ್ಬ ಗೆಳೆಯ ಮಾತಾಡಿದ. ಲಾಹೋರ್ ಪಿತೂರಿ ಮೊಕದ್ದಮೆಯಲ್ಲಿ ಜೊತೆಗಾರರೇ ಮಾಫಿ ಸಾಕ್ಷಿಗಳಾದದ್ದನ್ನು ಹೇಳಿದ. ಜೈಗೋಪಾಲ್, ಹಂಸರಾಜ್ ವೋಹ್ರಾ, ಫಣೀಂದ್ರನಾಥ ಘೋಷ್. ಜೈಗೋಪಾಲ್ ಸಾಕ್ಷಿ ಹೇಳುತ್ತಿದ್ದಾಗ ಆರೋಪಿಗಳಲ್ಲಿ ಎಲ್ಲರಿಗಿಂತ ಚಿಕ್ಕವನಾದ ಪ್ರೇಮದತ್ತ ಚಪ್ಪಲಿ ತೂರಿದನಂತೆ. ಘೋಷನನ್ನು 1932ರಲ್ಲಿ ಬೇತಿಯಾದಲ್ಲಿ ಬೈಕುಂಠ ಶುಕ್ಲ ಕೊಂದ. ಅದಕ್ಕಾಗಿ 1934ರಲ್ಲಿ ಗಯಾ ಜೈಲಿನಲ್ಲಿ ಶುಕ್ಲನಿಗೆ ನೇಣಾಯಿತು. ಗೆಳೆಯ ಹೇಳುತ್ತಾ ಹೇಳುತ್ತಾ, 'ಮಾಫಿ ಸಾಕ್ಷಿಗಿಂತ ನಾಯಿ ವಾಸಿ' ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟದಿದ್ದರೆ ಯಾಕೆ ಅಂತ ಕೇಳುತ್ತಿದ್ದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಬಹಳ ವರ್ಷ ಈ ಮುಳ್ಳು ಒಳಗೇ ಇತ್ತು. ಕೋರ್ಟಿನ ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಇದು ನಮ್ಮ ಕಾಲದ ಆಟವಲ್ಲ ಅಂತ ಆಗ ಗೊತ್ತಾಯಿತು. 1830ರ ದಶಕದಲ್ಲಿ ಸ್ಲೀಮನ್ ಅನ್ನೋ ಕಂಪನಿಯ ಅಧಿಕಾರಿ ಠಕ್ಕರನ್ನು ಹಿಡಿಯೋದಕ್ಕೆ ಇದನ್ನೇ ಯಂತ್ರ ಮಾಡಿಕೊಂಡ. ಸಿಕ್ಕಿದವನಿಗೆ ಜೀವ ಉಳಿಸುತ್ತೇನೆ ಅಂದು, ಅವನಿಂದ ಹತ್ತು ಜನರ ಹೆಸರು ಹೇಳಿಸಿ, ಆ ಹತ್ತರಲ್ಲಿ ಮತ್ತೊಬ್ಬನಿಗೆ ಜೀವ ಉಳಿಸುತ್ತೇನೆ ಅನ್ನೋದು. 1836ರ ಕಾನೂನಿನಲ್ಲಿ ಠಕ್ಕರ ಗುಂಪಿಗೆ ಸೇರಿದ್ದ ಅಂತ ಸಾಬೀತಾದರೆ ಸಾಕು, ಜೀವಾವಧಿ. ಸಾಕ್ಷಿ ಹೇಳಿದವರನ್ನೂ ಬಿಡಲಿಲ್ಲ. ಜಬ್ಬಲ್‌ಪುರದಲ್ಲಿ ಕೂಡಿಹಾಕಿ ಡೇರೆ, ಜಮಖಾನ ನೇಯಿಸಿದರು. ನಮ್ಮ ಸುರಪುರದಲ್ಲಿ ಆಡಳಿತ ಮಾಡಿದ ಮೆಡೋಸ್ ಟೇಲರ್ 1839ರಲ್ಲಿ ಬರೆದ ಠಕ್ಕನ ಕಾದಂಬರಿಯಲ್ಲಿ ಕತೆ ಹೇಳುವವನೂ ಒಬ್ಬ ಮಾಫಿ ಸಾಕ್ಷಿಯೇ. ಹುಟ್ಟಿನಿಂದಲೇ ಜನರನ್ನು ಅಪರಾಧಿಗಳು ಅಂದ 1871ರ ಕ್ರಿಮಿನಲ್ ಟ್ರೈಬ್ಸ್ ಕಾನೂನಿಗೆ ದಾರಿ ಹಾಕಿದ್ದರಲ್ಲಿ ಈ ಬಾಯಿಗಳ ಪಾಲೂ ಇದೆ.

ಆಮೇಲೆ ಚೌರಿಚೌರಾ. 1922ರ ಫೆಬ್ರವರಿ 4ರಂದು ಪೊಲೀಸ್ ಠಾಣೆ ಸುಟ್ಟ ಮೊಕದ್ದಮೆ. ಅಲ್ಲಿ ಮೀರ್ ಶಿಕಾರಿ ಅನ್ನೋ ಹಳ್ಳಿಯವನು ಮಾಫಿ ಸಾಕ್ಷಿಯಾದ. ಗೋರಖಪುರದ ಸೆಷನ್ಸ್ ಕೋರ್ಟು 172 ಜನರಿಗೆ ನೇಣು ಅಂತ ಬರೆಯಿತು. ಅಲಹಾಬಾದ್ ಹೈಕೋರ್ಟು 19 ಜನರ ನೇಣನ್ನು ಉಳಿಸಿತು. ಬಡವರ ಬಾಯಿಂದಲೇ ಬಡವರ ಕುತ್ತಿಗೆಗೆ ಹಗ್ಗ.

ಇಷ್ಟು ಓದಿದ ಮೇಲೆ ನನಗೆ ಒಂದು ವ್ಯತ್ಯಾಸ ಕಂಡಿತು. ಜೈಗೋಪಾಲ್ ತನ್ನ ಜೊತೆಗಾರರ ಗುಟ್ಟನ್ನು ಆಳುವವರ ಕಿವಿಗೆ ಹೇಳಿದ. ನಮ್ಮಪ್ಪ ಆಳುವವನ ಗುಟ್ಟನ್ನು ಕೋರ್ಟಿಗೆ ಹೇಳಿದ. ಒಬ್ಬ ಮೇಲಕ್ಕೆ ನೋಡಿಕೊಂಡು ಹೇಳಿದ, ಇನ್ನೊಬ್ಬ ಮೇಲಿನವನ ಎದುರಿಗೆ ನಿಂತು ಹೇಳಿದ. ಕಾನೂನಿಗೆ ಇಬ್ಬರೂ ಒಂದೇ. ಕಲಂ ಒಂದೇ, ಹೆಸರೂ ಒಂದೇ. ಇದನ್ನು ಆ ಗೆಳೆಯನಿಗೆ ಹೇಳೋಕೆ ಹೋದೆ. ಅವನು ಅಷ್ಟೊತ್ತಿಗೆ ಚಳವಳಿ ಬಿಟ್ಟು ಕಂಟ್ರಾಕ್ಟು ಹಿಡಿದಿದ್ದ.

1980ರಲ್ಲಿ ವಿಚಾರಣೆಗೆ ಬಂತು. ಸಾಕ್ಷಿಯ ದಿನ ನಾನೂ ಅವ್ವನೂ ಹೋಗಿದ್ದೆವು. ಕೋರ್ಟಿನ ಮುಂದಿನ ಹುಣಸೇಮರದ ಕೆಳಗೆ ಗೌಡ ಬಿಳಿ ಪಂಚೆ ಉಟ್ಟು ಟೀ ಕುಡಿಯುತ್ತಿದ್ದ. ನಮ್ಮಪ್ಪ ಪೊಲೀಸ್ ವ್ಯಾನಿನಿಂದ ಇಳಿದ, ಕೈಗೆ ಕೋಳ. ಹೊಸಬರು ಯಾರಾದರೂ ನೋಡಿದ್ದರೆ, ಇಬ್ಬರಲ್ಲಿ ಕೊಲೆಗಾರ ಯಾರು ಅಂತ ಕೇಳಿದ್ದರೆ, ನಮ್ಮಪ್ಪನ ಕಡೆಗೇ ಬೆರಳು ತೋರಿಸುತ್ತಿದ್ದರು.

ದೊಡ್ಡವ್ವ ಒಳಗೆ ಹಿಂದಿನ ಬೆಂಚಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಬೆಂಚಿನ ಮೇಲೆ ಕೂರಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಅಪ್ಪ ಎಲ್ಲ ಹೇಳಿದ. ಹಗ್ಗ ತಂದದ್ದು, ಲಾಟೀನು, ಕಾಲು ಹಿಡಿದದ್ದು, ಕಲ್ಲು ಕಟ್ಟಿದ್ದು. ಗೌಡನನ್ನು ತೋರಿಸು ಅಂದಾಗ ಕೈ ಎತ್ತಿ ತೋರಿಸಿದ. ಹುಟ್ಟಿದಾಗಿನಿಂದ ಆ ಮನುಷ್ಯನ ಮುಂದೆ ಕೈ ಕಟ್ಟಿಕೊಂಡೇ ನಿಂತವನು. ಅವತ್ತು ಆ ಕೈ ನಡುಗುತ್ತಿದ್ದುದನ್ನು ನಾನು ಕಂಡೆ. ಆದರೆ ಇಳಿಯಲಿಲ್ಲ.

ಪಾಟೀಸವಾಲಿಗೆ ಗೌಡನ ವಕೀಲ ಎದ್ದ.

'ನಿನ್ನ ಜೀವ ಉಳಿಸಿಕೊಳ್ಳೋದಕ್ಕೆ ಹೇಳ್ತಾ ಇದ್ದೀಯ ತಾನೆ?'

'ಊಂ ಬುದ್ಧಿ.'

'ಹತ್ತೊಂಬತ್ತು ದಿನ ಯಾಕೆ ಸುಮ್ಮನಿದ್ದೆ?'

'ಎದ್ರಿಕೆ ಬುದ್ಧಿ.'

'ನೀನೂ ಕೊಲೆಗಾರನೇ ಅಲ್ಲವೇನಯ್ಯಾ?'

ಅಪ್ಪ ಸುಮ್ಮನಾದ. ಜಡ್ಜರು, ಉತ್ತರ ಹೇಳು ಅಂದರು.

'ಕಾಲು ಇಡ್ದೆ ಸ್ವಾಮಿ.'

ಕೊನೆಗೆ ವಕೀಲ ಕೇಳಿದ, 'ನೀನು ಕಾಲು ಹಿಡಿದಾಗ ಅವನಿಗೆ ಉಸಿರಿತ್ತಾ?'

ಅಪ್ಪ ಹಿಂದೆ ತಿರುಗಿ ದೊಡ್ಡವ್ವ ಕೂತ ಕಡೆ ಒಂದು ಸಲ ನೋಡಿದ. ಆಮೇಲೆ ನೆಲ ನೋಡಿದ.

'ಇರ್ಲಿಲ್ಲ ಸ್ವಾಮಿ.'

ಮಿಕ್ಕ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. ಬಾವಿ ಹತ್ತಿರ ಮಹಜರಿಗೆ ರುಜು ಹಾಕಿದ ಇಬ್ಬರು ಊರಿನವರು, ಪೊಲೀಸರು ಖಾಲಿ ಕಾಗದಕ್ಕೆ ರುಜು ಹಾಕಿಸಿಕೊಂಡರು ಅಂದರು. ಅವತ್ತು ರಾತ್ರಿ ಲಾಟೀನು ಬೆಳಕು ಕಂಡೆ ಅಂದಿದ್ದವನು ನನಗೆ ರಾತ್ರಿ ಕಣ್ಣು ಕಾಣಲ್ಲ ಅಂದ. ಕೊನೆಗೆ ಉಳಿದದ್ದು ನಮ್ಮಪ್ಪನ ಮಾತೊಂದೇ.

ಒಂದೇ ಮಾತು ಸಾಲದು. ಪಾಲುಗಾರನ ಸಾಕ್ಷಿಯ ಮೇಲೆ ಶಿಕ್ಷೆ ಕೊಟ್ಟ ಮಾತ್ರಕ್ಕೆ ಅದು ಕಾನೂನಿಗೆ ವಿರುದ್ಧವಲ್ಲ ಅಂತ ಹಳೇ ಸಾಕ್ಷ್ಯ ಕಾಯಿದೆಯ 133ನೇ ಕಲಂ ಹೇಳುತ್ತಿತ್ತು. ಆದರೆ ಅದೇ ಕಾಯಿದೆಯ 114ನೇ ಕಲಂ, ಮುಖ್ಯ ವಿಷಯಗಳಲ್ಲಿ ಬೇರೆ ಪುಷ್ಟಿ ಇಲ್ಲದಿದ್ದರೆ ಅಂಥವನು ನಂಬಿಕೆಗೆ ಅರ್ಹನಲ್ಲ ಅಂತ ಕೋರ್ಟು ಭಾವಿಸಬಹುದು ಅನ್ನುತ್ತಿತ್ತು. ಸುಪ್ರೀಂ ಕೋರ್ಟು 1957ರಲ್ಲಿ ಸರವಣಸಿಂಗ್ ಮೊಕದ್ದಮೆಯಲ್ಲಿ ಎರಡು ಒರೆಗಲ್ಲು ಇಟ್ಟಿತು. ಮೊದಲು ಅವನು ನಂಬಬಹುದಾದ ಮನುಷ್ಯನಾಗಿರಬೇಕು, ಆಮೇಲೆ ಅವನ ಮಾತಿಗೆ ಬೇರೆ ಪುಷ್ಟಿ ಇರಬೇಕು. 2024ರಲ್ಲಿ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನಿನ 138ನೇ ಕಲಂ, ಪುಷ್ಟಿ ಇದ್ದರೆ ಶಿಕ್ಷೆ ಸರಿ ಅಂತ ಆ ಎರಡನ್ನೂ ಒಂದೇ ಮಾತಿಗೆ ತಂದಿದೆ.

ಈ ನಿಯಮ ತಪ್ಪು ಅಂತ ನಾನು ಹೇಳಲ್ಲ. ಚೌರಿಚೌರಾ ನೆನೆಸಿಕೊಂಡರೆ ಹಾಗೆ ಹೇಳೋಕಾಗಲ್ಲ. ಜೀವದಾಸೆಗೆ ಹೇಳಿದ ಒಬ್ಬನ ಮಾತಿನ ಮೇಲೆ ಇನ್ನೊಬ್ಬನನ್ನು ನೇಣಿಗೆ ಹಾಕಬಾರದು. ಪೊಲೀಸರು ಬೇಕಾದವನ ಬಾಯಲ್ಲಿ ಬೇಕಾದ್ದು ತುರುಕಬಲ್ಲರು. ಆ ಯಂತ್ರ ಮೊದಲು ಅರೆಯೋದು ನಮ್ಮನ್ನೇ. ಆದರೆ ಪುಷ್ಟಿ ಎಲ್ಲಿಂದ ಬರಬೇಕು? ಊರಿನಿಂದ ಬರಬೇಕು. ಊರು ಯಾರದು? ಗೌಡನದು. ಜೀತದಾಳಿನ ಮಾತಿಗೆ ಒಡೆಯನ ಊರು ಸೀಲು ಒತ್ತಿದರೆ ಮಾತ್ರ ಅದು ನಿಜ. ಕಾನೂನು ಹಾಗಂತ ಬರೆದಿಲ್ಲ. ನಡೆಯೋದು ಹಾಗೆ.

ಎಲ್ಲರೂ ಖುಲಾಸೆಯಾದರು. ನಮ್ಮಪ್ಪನೂ ಅವತ್ತೇ ಹೊರಗೆ ಬಂದ. ಗೌಡ ಕಾರಿನಲ್ಲಿ ಹೋದ. ನಾವು ಹನ್ನೊಂದು ಮೈಲಿ ನಡೆದೆವು.

ಮಾಫಿ ಅಂದರೆ ಎಲ್ಲರಿಗೂ ಇಂಥದ್ದೇ ಸಿಗುತ್ತೆ ಅಂದುಕೊಳ್ಳಬೇಡಿ. 2008ರ ಮುಂಬಯಿ ದಾಳಿಗೆ ಜಾಗ ನೋಡಿಕೊಂಡು ಹೋದ ಡೇವಿಡ್ ಹೆಡ್ಲಿ 2010ರಲ್ಲಿ ಅಮೆರಿಕದ ಸರ್ಕಾರದ ಜೊತೆ ಕರಾರು ಮಾಡಿಕೊಂಡ. ತಪ್ಪೊಪ್ಪಿಗೆ, ಸಹಕಾರ. ಬದಲಿಗೆ ಮರಣದಂಡನೆ ಇಲ್ಲ, ಇಂಡಿಯಾಕ್ಕೆ ಒಪ್ಪಿಸೋದಿಲ್ಲ. 2013ರಲ್ಲಿ ಅಲ್ಲಿ 35 ವರ್ಷ ಶಿಕ್ಷೆಯಾಯಿತು. 2015ರ ಡಿಸೆಂಬರಿನಲ್ಲಿ ಮುಂಬಯಿ ಕೋರ್ಟು ಅವನಿಗೆ ಮಾಫಿ ಕೊಟ್ಟಿತು. 2016ರ ಫೆಬ್ರವರಿಯಲ್ಲಿ ವಿಡಿಯೋದಲ್ಲಿ ಕೂತು ಸಾಕ್ಷಿ ಹೇಳಿದ. ಅಲ್ಲಿ ಸತ್ತದ್ದು 166 ಜನ. ಅವನು ಚೌಕಾಸಿ ಮಾಡಿದ, ವಕೀಲರನ್ನಿಟ್ಟುಕೊಂಡು ಒಂದೊಂದು ಷರತ್ತನ್ನೂ ಬರೆಸಿಕೊಂಡ. ನಮ್ಮಪ್ಪನಿಗೆ ಚೌಕಾಸಿ ಮಾಡೋದಕ್ಕೆ ಏನಿತ್ತು? ಒಂದು ಹೆಬ್ಬೆಟ್ಟು. ಮಾಫಿಯ ಸಂತೆಯಲ್ಲೂ ಬಂಡವಾಳ ಇದ್ದವನೇ ಗಿರಾಕಿ.

2000ನೇ ಇಸವಿ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಅಪ್ಪ ಆಗಲೇ ಹಾಸಿಗೆ ಹಿಡಿದಿದ್ದ. ರೇಡಿಯೋದಲ್ಲಿ ಸುದ್ದಿ ಕೇಳಿ, 'ಸಾಕ್ಷಿ ಯಾರು ಯೋಳ್ತಾರೆ?' ಅಂತ ಒಂದೇ ಮಾತು ಕೇಳಿದ. ನಾನು ಕೋರ್ಟಿನ ನೌಕರ, ಧೈರ್ಯ ಹೇಳಿದೆ. 1989ರ ದೌರ್ಜನ್ಯ ತಡೆ ಕಾಯಿದೆ ಇದೆ, ಕಾಲ ಬದಲಾಗಿದೆ ಅಂದೆ. ಅವನು ಗೋಡೆ ಕಡೆ ಮಗ್ಗುಲಾದ. 2006ರಲ್ಲಿ ಸೆಷನ್ಸ್ ಕೋರ್ಟು ಎಲ್ಲ ಆರೋಪಿಗಳನ್ನೂ ಬಿಟ್ಟಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಅಷ್ಟೊತ್ತಿಗೆ ಅಪ್ಪ ಇರಲಿಲ್ಲ. ಇದ್ದಿದ್ದರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ಸಾಕ್ಷಿಗಳ ರಕ್ಷಣೆಗೆ ಒಂದು ಯೋಜನೆಯನ್ನು ಸುಪ್ರೀಂ ಕೋರ್ಟು ಒಪ್ಪಿ ಜಾರಿ ಮಾಡಿ ಅಂದದ್ದು 2018ರ ಡಿಸೆಂಬರಿನಲ್ಲಿ. ನಮ್ಮಪ್ಪ ಕೈ ಎತ್ತಿ ತೋರಿಸಿ ಮೂವತ್ತೆಂಟು ವರ್ಷ ಆದಮೇಲೆ. ತಡವಾದರೂ ಬಂತಲ್ಲ ಅಂತ ಸಂತೋಷ ಪಡುತ್ತೇನೆ. ಆದರೆ ಸಾಕ್ಷಿಗೆ ಬೇಕಾದ್ದು ಮನೆ ಮುಂದೆ ನಾಲ್ಕು ದಿನದ ಪೊಲೀಸ್ ಕಾವಲು ಮಾತ್ರ ಅಲ್ಲ. ಸಾಕ್ಷಿ ಹೇಳಿದ ಮಾರನೇ ದಿನ ಕೂಲಿಗೆ ಹೋಗೋದಕ್ಕೆ ಇನ್ನೊಂದು ಹೊಲ ಬೇಕು.

ಅಪ್ಪ ಸತ್ತದ್ದು 2001ರಲ್ಲಿ. ಸಾಯೋ ಮೂರು ದಿನ ಮುಂಚೆ ನನ್ನ ಕೈ ಹಿಡಿದುಕೊಂಡ.

'ಕಾಲು ಇಡ್ದಾಗ ಬಿಸಿ ಇತ್ತು ಕಣ್ಲಾ ಮಗ.'

ನಾನು ಏನೂ ಅನ್ನಲಿಲ್ಲ.

'ಎಬ್ಬೆರಳು ಅಲ್ಲಾಡ್ತು. ನಾನು ಬುಡ್ಲಿಲ್ಲ. ಗೌಡ ನಿಂತಿದ್ದ.'

ಅಂದರೆ ಅಷ್ಟು ವರ್ಷ ಅವನು ಒಂದನ್ನು ಮುಚ್ಚಿಟ್ಟಿದ್ದ. ಕೋರ್ಟಿನ ಲೆಕ್ಕದಲ್ಲಿ ನೋಡಿದರೆ ಮಾಫಿಯ ಷರತ್ತನ್ನೇ ಮುರಿದಿದ್ದ. ನಿಜ ಹೇಳಿದ್ದರೂ ಅವನಿಗೆ ಏನೂ ಆಗುತ್ತಿರಲಿಲ್ಲ ಅನ್ನೋದು ಇದರ ವಿಚಿತ್ರ. ಆ ಮಾಫಿ ಅದನ್ನೂ ಹೊದ್ದುಕೊಳ್ಳುವಷ್ಟು ದೊಡ್ಡದಾಗಿತ್ತು. ಸರ್ಕಾರಕ್ಕೆ ಹೆದರಿ ಅವನು ಸುಳ್ಳು ಹೇಳಲಿಲ್ಲ. ಹಿಂದೆ ನೆಲದ ಮೇಲೆ ಕೂತಿದ್ದ ದೊಡ್ಡವ್ವನಿಗೆ ಹೆದರಿ ಹೇಳಿದ. ಅವನಿಗೆ ಬೇಕಾಗಿದ್ದ ಮಾಫಿ ಸರ್ಕಾರದ್ದಲ್ಲ, ಅವಳದ್ದು. ಮಾಫಿ ಕೊಡೋ ಮುಂಚೆ ಸತ್ತವನ ಹೆಂಡತಿಯನ್ನು ಒಂದು ಮಾತು ಕೇಳಬೇಕು ಅಂತ ಆ ಕಲಮಿನಲ್ಲಿ ಎಲ್ಲೂ ಇಲ್ಲ. ಜೀತಕ್ಕಿಟ್ಟುಕೊಂಡು ಅವನ ಕೈಯಲ್ಲಿ ಹಗ್ಗ ಹಿಡಿಸಿದ ಈ ವ್ಯವಸ್ಥೆ, ಕಾಯಿದೆ ಮಾಡಿಯೂ ಅವನಿಗೆ ತಿಳಿಸದ ಸರ್ಕಾರ, ಯಾವತ್ತಾದರೂ ಅವನ ಮಾಫಿ ಕೇಳಿತಾ? ಕೇಳಬೇಕಾದವರೇ ಕೊಡುವವರಾಗಿ ಕೂತಿದ್ದರು. ಕೊಡಬೇಕಾದವಳು ನೆಲದ ಮೇಲೆ ಕೂತಿದ್ದಳು.

ಹಾಗಂತ ಅಪ್ಪನನ್ನು ನಾನು ಪೂರ್ತಿ ಬಿಟ್ಟುಬಿಡೋದಿಲ್ಲ. ಹೆಬ್ಬೆರಳು ಅಲ್ಲಾಡಿದ್ದು ಅವನಿಗೆ ಗೊತ್ತಿತ್ತು. ಅಷ್ಟು ಹೇಳದೆ ಈ ಮಾತನ್ನು ಮುಗಿಸಿದರೆ ನಾನೂ ಷರತ್ತು ಮುರಿದವನಾಗುತ್ತೇನೆ.

ತಿಥಿ ಕಳೆದ ಮೇಲೆ ತೀರ್ಪಿನ ನಕಲು ತೆಗೆದುಕೊಂಡು ದೊಡ್ಡವ್ವನ ಹಟ್ಟಿಗೆ ಹೋದೆ. ಇಪ್ಪತ್ತೊಂದು ವರ್ಷದಲ್ಲಿ ಅದರೊಳಗೆ ಏನು ಬರೆದಿದೆ ಅಂತ ಅವಳಿಗೆ ಯಾರೂ ಓದಿ ಹೇಳಿರಲಿಲ್ಲ. ಇಂಗ್ಲಿಷಿನಲ್ಲಿತ್ತು. ಜಗಲಿ ಮೇಲೆ ಕೂತು ಒಂದೊಂದೇ ವಾಕ್ಯ ನಮ್ಮ ಮಾತಿಗೆ ತಿರುಗಿಸಿ ಹೇಳಿದೆ. ಅವಳು ಎಲೆ ಅಡಿಕೆ ಕುಟ್ಟುತ್ತಾ ಕೇಳಿದಳು. ಅಪ್ಪ ಹೇಳಿ ಹೋದದ್ದನ್ನೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. ಅಳುತ್ತಾಳೆ ಅಂದುಕೊಂಡೆ.

'ಅವತ್ತೇ ಗೊತ್ತಾಯ್ತು ಕಣಪ್ಪ. ನನ್ ಕಡೀಕ್ ನೋಡಿ ನೆಲ ನೋಡ್ದ.'

ಸ್ವಲ್ಪ ಹೊತ್ತು ಬಿಟ್ಟು ನಾನೇ ಕೇಳಿದೆ, 'ಅಪ್ಪನ್ನ ಮಾಫಿ ಮಾಡಿದ್ದೀಯ ದೊಡ್ಡವ್ವ?'

'ಅದು ಕೋರ್ಟಿನ ಮಾತು. ನಮ್ಗೆ ಆ ಮಾತು ಬರಕಿಲ್ಲ' ಅಂದಳು. ಆಮೇಲೆ ಕಾಗದದ ಕಡೆ ಗಲ್ಲ ತೋರಿಸಿ ಕೇಳಿದಳು, 'ಕೊನೇಲಿ ಏನಂತ ಬರ್ದವ್ರೆ?'

ಈ ಸಾಕ್ಷಿಯ ಮಾತಿಗೆ ಬೇರೆ ಯಾವ ಪುಷ್ಟಿಯೂ ಇಲ್ಲ, ಆದ್ದರಿಂದ ನಂಬಲು ಬರುವುದಿಲ್ಲ ಅಂತ ಬರೆದಿದ್ದಾರೆ ಅಂದೆ.

ಅವಳು ಕುಟ್ಟೋದನ್ನು ನಿಲ್ಲಿಸಿದಳು.

'ಅದೊಂದ್ ಬುಟ್ರೆ ಮಿಕ್ಕಿದ್ದೆಲ್ಲ ದಿಟವಾ ಯೋಳಿದ್ದ. ಎದುರ್ಗೇ ಕೈ ಎತ್ತಿ ತೋರುಸ್ದ. ನಾನು ನೋಡ್ದೆ.'

ದೊಡ್ಡವ್ವ ಈಗ ಇಲ್ಲ. ಅವಳ ಈ ಮಾತು ಯಾವ ಕೋರ್ಟಿನ ಕಡತದಲ್ಲೂ ಇಲ್ಲ. 37 ವರ್ಷ ಕಂಡವರ ಮಾತನ್ನು ನಕಲು ಮಾಡಿಕೊಟ್ಟವನು ನಾನು. ಇದೊಂದನ್ನು ಇಲ್ಲಿ ನಕಲು ಮಾಡಿ ಇಟ್ಟಿದ್ದೇನೆ.